ಸದ್ದು ಕೇಳಿಸಿತು, ಸಂಗೀತ ಕೇಳಿಸಲಿಲ್ಲ: ಕ್ಲಬ್ಬಿನ ಹಾಲಿನಲ್ಲಿ ಜಾಝ್ ಕಾರ್ಯಕ್ರಮ

ಪ್ರಶ್ನೆ: ಮಾನ್ಯರೇ, ನಾನು ಮೈಸೂರಿನ ಹಳೆಯ ಕ್ಲಬ್ಬೊಂದರ ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿ. ಕಳೆದ ವರ್ಷ ಬೆಂಗಳೂರಿನಿಂದ ಐವರ ಜಾಝ್ ತಂಡವೊಂದನ್ನು ಕರೆಸಿದ್ದೆವು. ಒಬ್ಬ ಗಾಯಕಿ, ಜೊತೆಗೆ ಸ್ಯಾಕ್ಸೊಫೋನ್, ಪಿಯಾನೊ, ಡಬಲ್ ಬೇಸ್ ಮತ್ತು ಡ್ರಮ್ಸ್. ಕಲಾವಿದರೆಲ್ಲ ಪಳಗಿದವರೇ. ಆದರೂ ಅರ್ಧ ಗಂಟೆಯೊಳಗೆ ನಮ್ಮ ಹಿರಿಯ ಸದಸ್ಯರು ಒಬ್ಬೊಬ್ಬರಾಗಿ ಎದ್ದು ವರಾಂಡಕ್ಕೆ ಹೋದರು. ಸದ್ದು ತಡೆಯಲಾಗಲಿಲ್ಲ, ಹಾಡಿನ ಒಂದು ಪದವೂ ತಿಳಿಯಲಿಲ್ಲ ಎಂಬುದು ಅವರ ದೂರು. ರಾತ್ರಿ ಹತ್ತು ದಾಟುತ್ತಿದ್ದಂತೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ನಮ್ಮ ಹಾಲು ಸುಮಾರು 60 ಅಡಿ ಉದ್ದ, 33 ಅಡಿ ಅಗಲ, 16 ಅಡಿ ಎತ್ತರ. ಕಲ್ಲಿನ ನೆಲ, ಗಾರೆ ಗೋಡೆ, ಸಮತಟ್ಟಾದ ತಾರಸಿ, ಎಂಟು ದೊಡ್ಡ ಕಿಟಕಿಗಳು. ವೇದಿಕೆ ಹಾಲಿನ ಒಂದು ತುದಿಯಲ್ಲಿದೆ. ಈ ವರ್ಷ ಅದೇ ತಂಡ ಮತ್ತೆ ಬರಲು ಒಪ್ಪಿದೆ, ನೂರು ಜನ ಸೇರುವ ನಿರೀಕ್ಷೆಯಿದೆ. ಹೋದ ಸಲ ಸ್ಪೀಕರ್ ಸಾಲಲಿಲ್ಲ, ಕೆಳಸ್ತರದ ಧ್ವನಿಗೆಂದೇ ಇರುವ ಎರಡು ಸಬ್‌ವೂಫರ್ ಸ್ಪೀಕರ್ ಸೇರಿಸಿ ದೊಡ್ಡ ಸೆಟ್ ಹಾಕೋಣ ಎಂದು ಸೌಂಡ್ ಸಿಸ್ಟಮ್‌ನವರು ಹೇಳುತ್ತಾರೆ. ಒಬ್ಬ ಸದಸ್ಯರು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಎನ್ನುತ್ತಾರೆ, ಇನ್ನೊಬ್ಬರು ಡ್ರಮ್ಸ್ ಬೇಡವೇ ಬೇಡ ಎನ್ನುತ್ತಾರೆ, ಮತ್ತೊಬ್ಬರು ಹೊರಗೆ ಹುಲ್ಲುಹಾಸಿನ ಮೇಲೆ ನಡೆಸೋಣ ಎನ್ನುತ್ತಾರೆ. ನಮ್ಮೂರ ಮೃದಂಗ ವಿದ್ವಾಂಸರೊಬ್ಬರನ್ನು ಎರಡು ಹಾಡಿಗೆ ಜೊತೆಗೂಡಿಸುವ ಆಸೆಯೂ ಇದೆ. ಯಾವ ಪರವಾನಗಿಗಳು ಬೇಕು? ಕ್ಲಬ್ಬಿನ ಹಳೆಯ ಪಿಯಾನೊವನ್ನೇ ಬಳಸಬಹುದೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಹಾಲಿನ ಅಳತೆಯನ್ನೂ ನೆಲ, ಗೋಡೆ, ತಾರಸಿಗಳ ವಿವರವನ್ನೂ ಬರೆದು ಕಳುಹಿಸಿದ್ದು ತುಂಬ ಉಪಕಾರವಾಯಿತು. ಇಂಥ ಪತ್ರಗಳಲ್ಲಿ ಸ್ಪೀಕರಿನ ಕಂಪನಿ ಮತ್ತು ವಾಟ್‌ಗಳ ಲೆಕ್ಕ ಇರುತ್ತದೆಯೇ ಹೊರತು ಹಾಲಿನ ಮಾತೇ ಇರುವುದಿಲ್ಲ. ನಿಮ್ಮ ತೊಂದರೆಯ ಬೇರು ಇರುವುದಾದರೋ ಹಾಲಿನಲ್ಲಿ.

ನಿಮ್ಮ ಸದಸ್ಯರು ಎರಡು ದೂರುಗಳನ್ನು ಒಟ್ಟಿಗೆ ಹೇಳಿದ್ದಾರೆ: ಸದ್ದು ಅತಿಯಾಯಿತು, ಮತ್ತು ಹಾಡು ಕೇಳಿಸಲಿಲ್ಲ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವೆನಿಸುತ್ತವೆ. ಕೇಳಿಸದಿದ್ದರೆ ಇನ್ನಷ್ಟು ಜೋರು ಮಾಡಬೇಕು ಎಂಬ ತರ್ಕದಿಂದಲೇ ನಿಮ್ಮ ಸೌಂಡ್ ಸಿಸ್ಟಮ್‌ನವರು ಸಬ್‌ವೂಫರ್ ಸೇರಿಸಲು ಹೊರಟಿದ್ದಾರೆ. ಆದರೆ ಸಭಾಂಗಣಗಳ ಧ್ವನಿಯ ಕೆಲಸದಲ್ಲಿ ನಾನು ಕಂಡಂತೆ ಈ ಎರಡು ದೂರುಗಳು ಯಾವಾಗಲೂ ಜೋಡಿಯಾಗಿಯೇ ಬರುತ್ತವೆ, ಎರಡಕ್ಕೂ ಕಾರಣ ಒಂದೇ ಆಗಿರುತ್ತದೆ, ಮತ್ತು ದೊಡ್ಡ ಸ್ಪೀಕರ್ ಆ ಕಾರಣವನ್ನು ಮುಟ್ಟುವುದೂ ಇಲ್ಲ.

ಆ ಕಾರಣ ಅನುರಣನ, ಅಂದರೆ ಮೂಲ ಧ್ವನಿ ನಿಂತ ಮೇಲೂ ಗೋಡೆ, ನೆಲ, ಚಾವಣಿಗಳ ನಡುವೆ ಪುಟಿಯುತ್ತ ಉಳಿಯುವ ಧ್ವನಿ. ಇದನ್ನು ಮೊದಲು ಲೆಕ್ಕಕ್ಕೆ ಒಗ್ಗಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವಾಲೇಸ್ ಸೇಬೈನ್. 1895ರ ಸುಮಾರಿಗೆ ಅಲ್ಲಿನ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮಾತೇ ತಿಳಿಯುತ್ತಿಲ್ಲ ಎಂಬ ದೂರು ಬಂದಾಗ, ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತರಿಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಧ್ವನಿ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಮೆತ್ತೆಗಳು ಹೆಚ್ಚಿದಂತೆ ಆ ಹೊತ್ತು ಕಡಿಮೆಯಾಯಿತು. ಮೀಟರ್ ಲೆಕ್ಕದಲ್ಲಿ ಕೋಣೆಯ ಘನ ಅಳತೆಯನ್ನು ಅದರೊಳಗಿನ ಒಟ್ಟು ಹೀರಿಕೆಯಿಂದ, ಅಂದರೆ ಒಳಗಿರುವುದೆಲ್ಲ ಧ್ವನಿಯನ್ನು ಹೀರುವ ಪ್ರಮಾಣದಿಂದ, ಭಾಗಿಸಿ 0.161ರಿಂದ ಗುಣಿಸಿದರೆ ಧ್ವನಿ 60 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ ಎಂಬ ಅವರ ಸೂತ್ರವನ್ನು ನಾವು ಇಂದಿಗೂ ಮೊದಲ ಅಂದಾಜಿಗೆ ಬಳಸುತ್ತೇವೆ.

ನಿಮ್ಮ ಹಾಲಿನ ಘನ ಅಳತೆ ಸುಮಾರು 900 ಘನ ಮೀಟರ್, ಒಳಮೈ ಒಟ್ಟು 640 ಚದರ ಮೀಟರ್‌ನ ಆಸುಪಾಸು. ಕಲ್ಲು ಮತ್ತು ಗಾರೆ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರರಲ್ಲಿ ಎರಡು ಮೂರು ಪಾಲನ್ನಷ್ಟೇ ಹೀರುತ್ತವೆ. ಕಿಟಕಿಯ ಮರ, ಗಾಜು, ಕುರ್ಚಿಗಳನ್ನು ಸೇರಿಸಿ ಸರಾಸರಿ ಐದು ಪಾಲು ಎಂದುಕೊಂಡರೂ ಖಾಲಿ ಹಾಲಿನ ಅನುರಣನ ನಾಲ್ಕು ಸೆಕೆಂಡು ಮೀರುತ್ತದೆ. ನೂರು ಜನ ಬಂದು ಕುಳಿತರೆ ಅವರ ಮೈ ಮತ್ತು ಬಟ್ಟೆಗಳೇ ಹೀರಿಕೆಯನ್ನು ದುಪ್ಪಟ್ಟಿಗಿಂತ ಹೆಚ್ಚಿಸುವುದರಿಂದ ಅದು ಎರಡು ಸೆಕೆಂಡಿಗಿಂತ ತುಸು ಕೆಳಗಿಳಿಯುತ್ತದೆ. ಚರ್ಚಿನ ಸಮೂಹಗಾನಕ್ಕೆ ಎರಡು ಸೆಕೆಂಡು ಹಿತವಾಗಿರಬಹುದು, ಆದರೆ ಡ್ರಮ್ಸ್ ಇರುವ ವೇಗದ ಸಂಗೀತಕ್ಕೆ ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಡ್ರಮ್ಸಿನಲ್ಲಿ ನಡೆ ಹಿಡಿಯುವ ದೊಡ್ಡ ಲೋಹದ ತಟ್ಟೆಯಾದ ರೈಡ್ ಸಿಂಬಲ್ ಮೇಲೆ ಸೆಕೆಂಡಿಗೆ ಐದಾರು ಪೆಟ್ಟು ಬೀಳುವಾಗ ಪ್ರತಿ ಪೆಟ್ಟಿನ ಬಾಲ ಎರಡು ಸೆಕೆಂಡು ಎಳೆದರೆ ಹತ್ತು ಹನ್ನೆರಡು ಪೆಟ್ಟುಗಳು ಒಂದರ ಮೇಲೊಂದು ಬಿದ್ದು, ಗಾಯಕಿಯ ವ್ಯಂಜನಗಳೆಲ್ಲ ಆ ರಾಶಿಯ ಕೆಳಗೆ ಹೂತುಹೋಗುತ್ತವೆ.

ಇನ್ನು ಸ್ಪೀಕರಿನ ವಿಷಯ. ಕೇಳುಗನ ಕಿವಿಗೆ ಎರಡು ಬಗೆಯ ಧ್ವನಿ ಬರುತ್ತದೆ, ವಾದ್ಯದಿಂದಲೋ ಸ್ಪೀಕರಿನಿಂದಲೋ ನೇರವಾಗಿ ಬರುವುದು ಒಂದು, ಗೋಡೆಗಳಿಗೆ ತಾಗಿ ಬರುವುದು ಇನ್ನೊಂದು. ನೇರ ಧ್ವನಿ ದೂರ ಹೋದಂತೆ ಕ್ಷೀಣಿಸುತ್ತದೆ, ಅನುರಣನ ಮಾತ್ರ ಹಾಲಿನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಜನ ತುಂಬಿದ ನಿಮ್ಮ ಹಾಲಿನಲ್ಲಿ, ಎಲ್ಲ ದಿಕ್ಕಿಗೂ ಸಮನಾಗಿ ಧ್ವನಿ ಚೆಲ್ಲುವ ವಾದ್ಯದಿಂದ ನಾಲ್ಕು ಅಡಿ ಆಚೆ ಹೋದರೆ ಸಾಕು, ಅನುರಣನವೇ ಮೇಲುಗೈಯಾಗುತ್ತದೆ. ಒಂದೇ ದಿಕ್ಕಿಗೆ ಧ್ವನಿ ಎಸೆಯುವ ಒಳ್ಳೆಯ ಸ್ಪೀಕರಿಗೆ ಈ ಗಡಿ ಹದಿಮೂರು ಅಡಿಯ ಸುಮಾರಿಗೆ ಬರುತ್ತದೆ. ವೇದಿಕೆ ಒಂದು ತುದಿಯಲ್ಲಿದ್ದುದರಿಂದ ಕಳೆದ ವರ್ಷ ನಿಮ್ಮ ಸದಸ್ಯರಲ್ಲಿ ಬಹುಪಾಲು ಜನ ಆ ಗಡಿಯ ಆಚೆ ಕುಳಿತಿದ್ದರು. ಸ್ಪೀಕರನ್ನು ಜೋರು ಮಾಡಿದರೆ ನೇರ ಧ್ವನಿಯೂ ಅನುರಣನವೂ ಒಂದೇ ಪ್ರಮಾಣದಲ್ಲಿ ಏರುತ್ತವೆ, ಸ್ಪಷ್ಟತೆ ಇದ್ದಲ್ಲೇ ಇರುತ್ತದೆ, ಕಿವಿಗೆ ಮಾತ್ರ ನೋವು ಹೆಚ್ಚುತ್ತದೆ. ಹಿಂದಿನ ಸಾಲಿನವರು ಸದ್ದು ಜಾಸ್ತಿ ಎಂದೂ ಏನೂ ತಿಳಿಯಲಿಲ್ಲ ಎಂದೂ ಒಂದೇ ಉಸಿರಿನಲ್ಲಿ ಹೇಳುವುದು ಇದರಿಂದಲೇ.

ಬೇಸ್ ವಾದ್ಯದ ಕಥೆ ಸ್ವಲ್ಪ ಬೇರೆ. ಡಬಲ್ ಬೇಸಿನ ಅತ್ಯಂತ ಕೆಳಗಿನ ತಂತಿ 41 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಕಂಪನಗಳಲ್ಲಿ, ನುಡಿಯುತ್ತದೆ, ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಪರದೆಯೂ ಜಮಖಾನೆಯೂ ಅದಕ್ಕೆ ಲೆಕ್ಕಕ್ಕಿಲ್ಲ. ಸಾಲದೆಂಬಂತೆ ನಿಮ್ಮ ಹಾಲಿನ ಎತ್ತರ ಅಗಲದ ಅರ್ಧದಷ್ಟಿದೆ. ಹೀಗಿರುವಾಗ ಎರಡೂ ದಿಕ್ಕಿನ ಅನುನಾದಗಳು, ಅಂದರೆ ಹಾಲು ತಾನಾಗಿ ಉಬ್ಬಿಸುವ ಸ್ವರಗಳು, ಒಂದೇ ಆವರ್ತಾಂಕಗಳಲ್ಲಿ, ಅಂದರೆ 34 ಮತ್ತು 69 ಹರ್ಟ್ಸ್‌ಗಳ ಆಸುಪಾಸಿನಲ್ಲಿ, ಬಂದು ಕೂಡುತ್ತವೆ. 69 ಹರ್ಟ್ಸ್ ಎಂದರೆ ಬೇಸ್ ವಾದಕರು ಮತ್ತೆ ಮತ್ತೆ ಬಳಸುವ ಕೆಳಗಿನ ಸಿ ಶಾರ್ಪ್ ಸ್ವರ. ಅದು ಮತ್ತು ಅದರ ನೆರೆಯ ಸ್ವರಗಳು ಮಾತ್ರ ಗುಂಯ್ ಎಂದು ಉಬ್ಬಿ, ಉಳಿದವು ಸಪ್ಪೆಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಇಂಥ ಹಾಲಿಗೆ ಸಬ್‌ವೂಫರ್ ತರುವುದು ದುಡ್ಡು ಕೊಟ್ಟು ತೊಂದರೆಯನ್ನು ಬಾಡಿಗೆಗೆ ತಂದಂತೆ. ಬೇಸಿನ ಆಂಪ್ಲಿಫೈಯರನ್ನು ನೆಲದಿಂದ ಎತ್ತಿ ಕುರ್ಚಿಯ ಎತ್ತರದಲ್ಲಿಟ್ಟು, ಮೂಲೆಯಿಂದ ದೂರ ಸರಿಸಿ, 70 ಹರ್ಟ್ಸ್ ಸುತ್ತಮುತ್ತ ನಾಲ್ಕೈದು ಡೆಸಿಬಲ್ ತಗ್ಗಿಸಿದರೆ ಅರ್ಧ ಕೆಲಸವಾಗುತ್ತದೆ.

ಈಗ ಡ್ರಮ್ಸ್. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಒಟ್ಟು ಸದ್ದಿನ ಮಟ್ಟವನ್ನು ನಿರ್ಧರಿಸುವುದು ಮಿಕ್ಸರಿನ ಮುಂದೆ ಕುಳಿತವರಲ್ಲ, ಡ್ರಮ್ಸ್ ನುಡಿಸುವವರು. ಕೋಲಿನಿಂದ ಸಾಧಾರಣ ಬಿರುಸಿನಲ್ಲಿ ನುಡಿಸಿದರೂ ಹತ್ತಿರದಲ್ಲಿ 95ರಿಂದ 100 ಡೆಸಿಬಲ್ ಬರುತ್ತದೆ. ಮೈಕ್ ಇಲ್ಲದ ಮನುಷ್ಯ ಕಂಠವೂ ಡಬಲ್ ಬೇಸೂ ಅದಕ್ಕಿಂತ ಸುಮಾರು 20 ಡೆಸಿಬಲ್ ಕೆಳಗಿರುತ್ತವೆ. ಗಾಯಕಿಯ ದನಿಯನ್ನು ಡ್ರಮ್ಸಿನ ಮೇಲೆ ತರಲು ಮೈಕ್ ಏರಿಸುತ್ತಾರೆ. ಆಗ ವೇದಿಕೆಯ ಮಾನಿಟರ್, ಅಂದರೆ ಕಲಾವಿದರ ಕಡೆಗೇ ತಿರುಗಿಸಿದ ಸ್ಪೀಕರ್, ಸಾಲದೆ ಅದನ್ನೂ ಏರಿಸುತ್ತಾರೆ. ಅದು ಪಿಯಾನೊ ಮೈಕಿಗೆ ನುಗ್ಗುತ್ತದೆ, ಪಿಯಾನೊ ತಮಗೇ ಕೇಳಿಸದೆ ವಾದಕರು ಬಿರುಸಾಗಿ ನುಡಿಸುತ್ತಾರೆ, ಅದನ್ನು ಕೇಳಿ ಡ್ರಮ್ಸಿನವರು ಇನ್ನಷ್ಟು ಬಿರುಸಾಗುತ್ತಾರೆ. ಈ ಪೈಪೋಟಿಯಲ್ಲಿ ಯಾರದೂ ತಪ್ಪಿಲ್ಲ, ಆದರೆ ಮೂರನೆಯ ಹಾಡಿನ ಹೊತ್ತಿಗೆ ಹಾಲು ತುಂಬಿ ಚೆಲ್ಲಿರುತ್ತದೆ.

ಹಾಗೆಂದು ಡ್ರಮ್ಸ್ ಬೇಡವೆಂಬ ಸಲಹೆಯನ್ನು ನಾನು ಒಪ್ಪಲಾರೆ. ಜಾಝ್‌ನಲ್ಲಿ ರೈಡ್ ಸಿಂಬಲ್ ಮತ್ತು ಬೇಸ್ ಸೇರಿ ಹಿಡಿಯುವ ನಡೆಯ ಮೇಲೆಯೇ ಉಳಿದವರು ಮನೋಧರ್ಮಕ್ಕೆ, ಅಂದರೆ ಆಗಲೇ ಹೊಳೆದದ್ದನ್ನು ನುಡಿಸುವುದಕ್ಕೆ, ತೊಡಗುತ್ತಾರೆ, ಅದನ್ನು ತೆಗೆದರೆ ನೀವು ಕರೆಸಿದ ತಂಡವೇ ಬೇರೆಯಾಗುತ್ತದೆ. ಮೇಲಾಗಿ ಈ ಸಂಗೀತ ಸಣ್ಣ ಕೋಣೆಗಳಲ್ಲೇ ಬೆಳೆದದ್ದು. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬು 1935ರಿಂದ ಒಂದೇ ನೆಲಮಾಳಿಗೆಯಲ್ಲಿ ನಡೆಯುತ್ತಿದೆ. ತ್ರಿಕೋನದಂಥ ಆ ಜಾಗದಲ್ಲಿ ಕೂರಬಹುದಾದವರು ನೂರಿಪ್ಪತ್ತರಷ್ಟು ಜನ, ಅಂದರೆ ನಿಮ್ಮ ಹಾಲಿನ ಜನಸಂಖ್ಯೆಗೆ ಹತ್ತಿರ. 1961ರ ಜೂನ್ ತಿಂಗಳಲ್ಲಿ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ಮೂವರ ತಂಡ ಅಲ್ಲಿ ನುಡಿಸಿದ್ದರ ಧ್ವನಿಮುದ್ರಣದಲ್ಲಿ ಡ್ರಮ್ಸ್ ನುಡಿಯುತ್ತಿರುವಾಗಲೇ ಮೇಜಿನ ಮೇಲಿನ ಗ್ಲಾಸುಗಳ ಕಿಣಿಕಿಣಿ ಮತ್ತು ಸುತ್ತ ಕುಳಿತವರ ಮಾತು ಕೇಳಿಸುತ್ತವೆ. ಡ್ರಮ್ಸ್ ಎಂದರೆ ಅಬ್ಬರವೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಆದ್ದರಿಂದ ತಂಡದ ಮುಖ್ಯಸ್ಥರಿಗೆ ಈಗಲೇ ಫೋನ್ ಮಾಡಿ ಹಾಲು ಕಲ್ಲಿನದ್ದು, ಗೂಂಜು ಜಾಸ್ತಿ ಎಂದು ತಿಳಿಸಿ. ಪಳಗಿದ ಡ್ರಮ್ಸ್ ವಾದಕರಿಗೆ ಅಷ್ಟು ಹೇಳಿದರೆ ಸಾಕು. ಅವರು 18 ಇಂಚಿನ ಬೇಸ್ ಡ್ರಮ್ ಇರುವ ಸಣ್ಣ ಸೆಟ್ ತರುತ್ತಾರೆ, ಗಾಯಕಿ ಹಾಡುವಾಗ ಕೋಲಿನ ಬದಲು ತಂತಿಯ ಬ್ರಷ್ ಹಿಡಿಯುತ್ತಾರೆ, ತೆಳುವಾದ ಸಿಂಬಲ್ ಆರಿಸಿಕೊಳ್ಳುತ್ತಾರೆ. ಡ್ರಮ್ಸಿಗೆ ಮೈಕ್ ಇಡಲೇಬೇಡಿ. ಸುತ್ತ ಪಾರದರ್ಶಕ ಪ್ಲಾಸ್ಟಿಕ್ ತಡೆ ನಿಲ್ಲಿಸುವುದು ಕೆಲವರಿಗೆ ರೂಢಿ. ಹಿಂದೆ ಮತ್ತು ಮೇಲೆ ಹೀರುವ ವಸ್ತು ಇಲ್ಲದಿದ್ದರೆ ಅದು ಧ್ವನಿಯನ್ನು ಚಾವಣಿಗೂ ವಾದಕರ ಕಿವಿಗೂ ತಿರುಗಿಸುತ್ತದೆ, ಅಷ್ಟೇ.

ಮೊಟ್ಟೆ ಟ್ರೇಯ ಬಗ್ಗೆ ಒಂದು ಮಾತು. ಬೆಂಗಳೂರಿನ ಹಳೆಯ ಅಭ್ಯಾಸ ಕೊಠಡಿಗಳಿಂದ ಹಿಡಿದು ಎಲ್ಲ ಕಡೆ ಅದನ್ನು ಅಂಟಿಸಿದ್ದನ್ನು ನೋಡಿದ್ದೇನೆ. ತೆಳು ರಟ್ಟು ಮೇಲುಸ್ತರದ ಸ್ವಲ್ಪ ಧ್ವನಿಯನ್ನು ಹೀರಬಹುದು, ನಿಮಗೆ ತೊಂದರೆ ಕೊಡುತ್ತಿರುವ ನಡು ಮತ್ತು ಕೆಳ ಸ್ತರಗಳಲ್ಲಿ ಅದು ಇದ್ದೂ ಇಲ್ಲದಂತೆ. ಥರ್ಮೊಕೋಲ್ ಇನ್ನೂ ಕೆಟ್ಟದ್ದು. ಅದರ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಗಾಳಿ ಒಳಹೋಗದು, ಗಾಳಿ ಹೋಗದಲ್ಲಿ ಹೀರಿಕೆ ಇಲ್ಲ. ಎರಡೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತವೆ ಎಂಬುದೊಂದೇ ಕಾರಣ ಸಾಕು, ಜನ ಸೇರುವ ಹಾಲಿನಲ್ಲಿ ಅವುಗಳನ್ನು ನಿರಾಕರಿಸಲು. ಬಾಡಿಗೆಗೆ ಸಿಗುವ ದಪ್ಪ ವೆಲ್ವೆಟ್ ಪರದೆಗಳನ್ನು, ಬೆಂಕಿ ನಿರೋಧಕ ಲೇಪ ಮಾಡಿದವನ್ನೇ ಕೇಳಿ ತರಿಸಿ, ಗೋಡೆಯಿಂದ ಒಂದು ಗೇಣು ಬಿಟ್ಟು, ಸಾಕಷ್ಟು ನೆರಿಗೆಯೊಂದಿಗೆ ಇಳಿಬಿಡಿ. ಅರವತ್ತು ಚದರ ಮೀಟರಿನಷ್ಟು ಇಂಥ ಪರದೆ ಮತ್ತು ವಾದಕರ ಕಾಲಡಿಯಿಂದ ಮುಂದಿನ ಸಾಲಿನವರೆಗೆ ದಪ್ಪ ಕಾರ್ಪೆಟ್ ಹಾಸಿದರೆ ಜನ ತುಂಬಿದ ಹಾಲಿನ ಅನುರಣನ 1.2 ಸೆಕೆಂಡಿನ ಸುಮಾರಿಗೆ ಇಳಿಯುತ್ತದೆ. ಬರಿಯ ಜಮಖಾನೆ ತೀರ ತೆಳು, ಎರಡು ಮೂರು ಮಡಿಸಿ ಹಾಸಿದರೆ ಅಡ್ಡಿಯಿಲ್ಲ. ಮುಂದೆಂದಾದರೂ ಶಾಶ್ವತ ವ್ಯವಸ್ಥೆಗೆ ಹಣ ಒದಗಿದರೆ ಐವತ್ತು ಮಿಲಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ) ಹಲಗೆಗಳಿಗೆ ಬಟ್ಟೆ ಹೊದಿಸಿ ಚಾವಣಿಯ ಕೆಳಗೆ ತೂಗುಹಾಕಿಸಿ. ಗೋಡೆಯ ಹಳೆಯ ಗಾರೆಗೂ ಅದರಿಂದ ಧಕ್ಕೆಯಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ದೊಡ್ಡ ಸೆಟ್ ತರುವುದರ ಪರಿಣಾಮವನ್ನು ಆಗಲೇ ಹೇಳಿದ್ದೇನೆ. ಅದಕ್ಕೆ ತದ್ವಿರುದ್ಧವಾಗಿ, ಗಾಯಕಿಗೆ ಮತ್ತು ಬೇಸಿಗೆ ಮಾತ್ರ ಸಣ್ಣ ಆಂಪ್ಲಿಫೈಯರ್ ಕೊಟ್ಟು ಉಳಿದವರು ಮೈಕ್ ಇಲ್ಲದೆ ನುಡಿಸುವುದು ಇನ್ನೊಂದು ದಾರಿ. ಕೇಳಲು ಇದಕ್ಕಿಂತ ಸೊಗಸಾದದ್ದಿಲ್ಲ, ಆದರೆ ಸಭಿಕರು ಸುಮ್ಮನೆ ಕುಳಿತು ಕೇಳುವವರಾಗಿರಬೇಕು. ಊಟದ ಮೇಜುಗಳ ನಡುವೆ ಮಾತುಕತೆ ಶುರುವಾದರೆ ಸಂಗೀತವನ್ನು ಮೀರಿಸಲು ಮಾತು, ಮಾತನ್ನು ಮೀರಿಸಲು ಸಂಗೀತ ಏರುತ್ತ ಹೋಗಿ ವ್ಯವಸ್ಥೆ ಕುಸಿಯುತ್ತದೆ. ಕ್ಲಬ್ಬಿನಲ್ಲಿ ಊಟದ ಹೊತ್ತು ಬಂದಮೇಲೆ ಯಾರನ್ನೂ ಸುಮ್ಮನಿರಿಸಲಾಗದು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಾನು ಶಿಫಾರಸು ಮಾಡುವುದು ಇವೆರಡರ ನಡುವಿನ ದಾರಿಯನ್ನು. ಎತ್ತರದ ವೇದಿಕೆಯನ್ನು ಬಿಟ್ಟು, ತಂಡವನ್ನು ಉದ್ದನೆಯ ಗೋಡೆಯ ನಡುಭಾಗಕ್ಕೆ, ಪರದೆಯ ಮುಂದೆ, ನೆಲದ ಮೇಲೆಯೇ ಅಥವಾ ಒಂದಡಿ ಎತ್ತರದ ಮಣೆಗಳ ಮೇಲೆ ಕೂರಿಸಿ. ಆಗ ಬಹುಪಾಲು ಕುರ್ಚಿಗಳು ಮೂವತ್ತು ಅಡಿಯೊಳಗೆ ಬರುತ್ತವೆ, ವಾದಕರೂ ಒಬ್ಬರಿಗೊಬ್ಬರು ಹತ್ತಿರ ಕುಳಿತು ಮಾನಿಟರಿನ ಹಂಗಿಲ್ಲದೆ ಕೇಳಿಸಿಕೊಳ್ಳಬಹುದು. ಹತ್ತು ಅಥವಾ ಹನ್ನೆರಡು ಇಂಚಿನ ಎರಡು ಸ್ಪೀಕರ್‌ಗಳನ್ನು ತಲೆಯ ಮಟ್ಟಕ್ಕಿಂತ ತುಸು ಎತ್ತರದಲ್ಲಿ ನಿಲ್ಲಿಸಿ, ಜನರ ಕಡೆಗೆ ಕೊಂಚ ಬಾಗಿಸಿ, ಎದುರಿನ ಗೋಡೆಗೆ ನೇರವಾಗಿ ಬಡಿಯದಂತೆ ನೋಡಿಕೊಳ್ಳಿ. ಅವುಗಳಲ್ಲಿ ಗಾಯಕಿಯ ದನಿ, ಪಿಯಾನೊ ಮತ್ತು ಬೇಸಿನ ತುಸು ಭಾಗ ಮಾತ್ರ ಇರಲಿ. ಸ್ಯಾಕ್ಸೊಫೋನಿಗೆ ಮೈಕ್ ಬೇಕೇ ಬೇಕು ಎಂಬುದು ಈ ಅಳತೆಯ ಹಾಲಿನಲ್ಲಿ ಭ್ರಮೆ. ಎಡ ಬಲ ತುದಿಗಳಲ್ಲಿ ದೂರ ಕುಳಿತವರಿಗೆ ಒಂದೊಂದು ಸಣ್ಣ ಸ್ಪೀಕರ್ ಇಡಬಹುದು, ಆದರೆ ಅದಕ್ಕೆ ವಿಳಂಬ ಕೊಡಲೇಬೇಕು, ಅಂದರೆ ಅದರ ಧ್ವನಿ ತುಸು ತಡವಾಗಿ ಹೊರಡುವಂತೆ ಹೊಂದಿಸಬೇಕು. ಧ್ವನಿ ಹತ್ತು ಮೀಟರ್ ಸಾಗಲು 29 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಅದರ ಮೇಲೆ ಹತ್ತು ಮಿಲಿಸೆಕೆಂಡು ಸೇರಿಸಿದರೆ ದನಿ ಸ್ಪೀಕರಿನಿಂದಲ್ಲ, ಗಾಯಕಿಯ ಕಡೆಯಿಂದಲೇ ಬರುತ್ತಿದೆಯೆಂದು ಕಿವಿ ನಂಬುತ್ತದೆ. ಈ ಏರ್ಪಾಡಿನಲ್ಲಿ ಒಂದು ತೊಡಕಿದೆ: ಕಿರಿಯ ಸದಸ್ಯರಿಗೆ ಮೊದಲ ಹಾಡಿನಲ್ಲಿ ಸದ್ದು ಕಡಿಮೆ ಎನಿಸುತ್ತದೆ, ಯಾರಾದರೂ ಬಂದು ಏರಿಸಲು ಹೇಳುತ್ತಾರೆ. ಮಿಕ್ಸರಿನ ಬಳಿ ಅವರನ್ನು ನಯವಾಗಿ ತಡೆಯಬಲ್ಲ ಒಬ್ಬ ಹಿರಿಯರನ್ನು ಕೂರಿಸಿ.

ಹುಲ್ಲುಹಾಸಿನ ಆಲೋಚನೆ ಕೆಟ್ಟದ್ದಲ್ಲ, ಅನುರಣನದ ಕಾಟ ಪೂರ್ತಿ ತಪ್ಪುತ್ತದೆ. ಆದರೆ ಗೋಡೆಗಳ ನೆರವಿಲ್ಲದೆ ಸ್ಪೀಕರನ್ನೇ ನೆಚ್ಚಬೇಕಾಗುತ್ತದೆ, ಇಬ್ಬನಿಗೆ ಡಬಲ್ ಬೇಸಿನ ಮರ ಮತ್ತು ಸ್ಯಾಕ್ಸೊಫೋನಿನ ಪ್ಯಾಡುಗಳು ಬಿಗುವು ಕಳೆದುಕೊಳ್ಳುತ್ತವೆ, ಮತ್ತು ಈಗಾಗಲೇ ಬೇಸತ್ತಿರುವ ಪಕ್ಕದ ಮನೆಯವರಿಗೂ ನಿಮಗೂ ನಡುವೆ ಒಂದು ಗೋಡೆಯೂ ಉಳಿಯುವುದಿಲ್ಲ.

ಜಾಝ್ ಎಂದರೆ ತೋಚಿದಂತೆ ನುಡಿಸುವುದು, ಆದ್ದರಿಂದ ಸೌಂಡ್ ಹೊಂದಿಸಲಾಗದು ಎಂದು ಸೌಂಡಿನವರು ಹೇಳುವುದುಂಟು. ಅದು ಸರಿಯಲ್ಲ. ಬಹುತೇಕ ರಚನೆಗಳು ಹನ್ನೆರಡು ಅಥವಾ ಮೂವತ್ತೆರಡು ಬಾರ್‌ಗಳ (ತಾಳದ ಸಮಾನ ಭಾಗಗಳ) ಆವರ್ತಗಳಲ್ಲಿ ಸುತ್ತುತ್ತವೆ. ಮೊದಲು ಎಲ್ಲರೂ ಮೂಲ ಧಾಟಿಯನ್ನು ನುಡಿಸುತ್ತಾರೆ, ಬಳಿಕ ಅದೇ ಸ್ವರಮೇಳಗಳ ಮೇಲೆ ಒಬ್ಬೊಬ್ಬರಾಗಿ ಮನೋಧರ್ಮ, ಕೆಲವೊಮ್ಮೆ ಡ್ರಮ್ಸಿನೊಂದಿಗೆ ನಾಲ್ಕು ನಾಲ್ಕು ಬಾರ್‌ಗಳ ಸವಾಲು ಜವಾಬು, ಕೊನೆಗೆ ಮತ್ತೆ ಮೂಲ ಧಾಟಿ. ಹಾಡುಗಳ ಪಟ್ಟಿಯನ್ನೂ ಯಾರ ನಂತರ ಯಾರು ನುಡಿಸುತ್ತಾರೆ ಎಂಬುದನ್ನೂ ಮೊದಲೇ ಕೇಳಿ ಬರೆದುಕೊಳ್ಳಲಿ. ಬೇಸಿನ ಸರದಿ ಬಂದಾಗ ಅದನ್ನು ಮೂರು ಡೆಸಿಬಲ್ ಏರಿಸಿ, ಮುಗಿದೊಡನೆ ಇಳಿಸಿದರೆ ಸಾಕು, ಉಳಿದ ಸಮತೋಲವನ್ನು ವಾದಕರೇ ಕಾಯ್ದುಕೊಳ್ಳುತ್ತಾರೆ. ವಾದಕರ ತಲೆಯ ಮೇಲಿನ ಫ್ಯಾನುಗಳನ್ನು ಆರಿಸಿರಿ. ಬ್ರಷ್ಷಿನ ಮೆಲುದನಿ ಅವುಗಳ ಗಾಳಿಯಲ್ಲಿ ಕಾಣೆಯಾಗುತ್ತದೆ, ಮೈಕಿನಲ್ಲಿ ಗಾಳಿಯ ಬಡಿತವೂ ಕೇಳಿಸುತ್ತದೆ.

ಹಿರಿಯ ಸದಸ್ಯರ ಕಿವಿಯ ಬಗ್ಗೆ ನಿಮ್ಮ ಆತಂಕ ಸಕಾರಣವಾದದ್ದು. ಕೆಲಸದ ಜಾಗಗಳಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೊಂದು ಕೊಟ್ಟ ಅಳತೆಯಂತೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು, ಮೂರು ಮೂರು ಡೆಸಿಬಲ್ ಏರಿದಂತೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ, 94ರಲ್ಲಿ ಒಂದು ಗಂಟೆ, 100ರಲ್ಲಿ ಹದಿನೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಸಂಗೀತದ ತಾಣಗಳಿಗಾಗಿ 2022ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದು ಎಂದಿದೆ. ನೀವು ಸಭಿಕರ ನಡುವೆ 85ರಿಂದ 88ರೊಳಗೆ ಇಟ್ಟುಕೊಂಡರೆ ಜಾಝ್‌ಗೆ ಏನೂ ಕೊರತೆಯಾಗದು. ಮೊಬೈಲಿನ ಆಪ್‌ಗಳು ಕೆಲವು ಡೆಸಿಬಲ್ ಆಚೀಚೆ ತೋರಿಸಿದರೂ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಸಾಕು. ಶ್ರವಣಸಾಧನ ಧರಿಸುವವರನ್ನು ಡ್ರಮ್ಸಿನ ಎದುರಿಗಲ್ಲದೆ ಪಿಯಾನೊ ಇರುವ ಬದಿಗೆ ಕೂರಿಸಿ.

ನೆರೆಮನೆಯವರ ದೂರಿಗೆ ಕಾನೂನಿನ ಬಲವಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಗಿನ 6. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಖಾಸಗಿ ಜಾಗದ ಧ್ವನಿ ವ್ಯವಸ್ಥೆ ಅಥವಾ ವಾದ್ಯದ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಇರಕೂಡದು. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ, ರಾತ್ರಿ ಧ್ವನಿವರ್ಧಕ ಬಳಸಕೂಡದೆಂಬ ನಿಷೇಧದಿಂದ ವಿನಾಯಿತಿ ಇದೆ. ನಿಮ್ಮ ಎಂಟು ಕಿಟಕಿಗಳು ತೆರೆದಿದ್ದರೆ ಆ ಹಾಲು ಮುಚ್ಚಿದ್ದೆಂದು ವಾದಿಸುವುದು ಕಷ್ಟ. ಕಿಟಕಿ ಮುಚ್ಚಿದರೆ ಹೊರಹೋಗುವ ಸದ್ದು ಗಣನೀಯವಾಗಿ ತಗ್ಗುತ್ತದೆ, ಆದರೆ ಕೆಳಸ್ತರದ ಬೇಸ್ ಅಷ್ಟಾಗಿ ತಗ್ಗುವುದಿಲ್ಲ, ಸಬ್‌ವೂಫರ್ ಬೇಡವೆನ್ನಲು ಇದು ಮತ್ತೊಂದು ಕಾರಣ. ಸೆಕೆಯ ಸಮಸ್ಯೆಯನ್ನು ಕಾರ್ಯಕ್ರಮವನ್ನು ಆರೂವರೆಗೇ ಆರಂಭಿಸಿ ಒಂಬತ್ತಕ್ಕೆ ಮುಗಿಸುವ ಮೂಲಕ ನಿಭಾಯಿಸಿ. ಪೊಲೀಸ್ ಠಾಣೆಯಲ್ಲಿ ಧ್ವನಿವರ್ಧಕದ ಅನುಮತಿಗೆ ಮುಂಚಿತವಾಗಿ ಅರ್ಜಿ ಹಾಕಿ, ಮತ್ತು ಆ ಮನೆಯವರನ್ನೂ ಅತಿಥಿಗಳಾಗಿ ಕರೆಯಿರಿ.

ಕೃತಿಸ್ವಾಮ್ಯದ ವಿಷಯ ನನ್ನ ವೃತ್ತಿಯ ಅಂಚಿನದು, ಆದರೂ ಹೇಳುವಷ್ಟು ಹೇಳುತ್ತೇನೆ. ನಮ್ಮ ಕಾನೂನಿನಲ್ಲಿ ರಚನಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1974ರಲ್ಲಿ ನಿಧನರಾದ ಡ್ಯೂಕ್ ಎಲಿಂಗ್ಟನ್ ಅವರ ರಚನೆಗಳು 2034ರ ಕೊನೆಯವರೆಗೂ ಸಂರಕ್ಷಿತ. ಹಣ ಕೊಡದ ಸಭಿಕರ ಮುಂದೆ ಹವ್ಯಾಸಿ ಕ್ಲಬ್ ಅಥವಾ ಸಂಘ ಪ್ರದರ್ಶಿಸಿದರೆ ವಿನಾಯಿತಿ ಇದೆ, ಆದರೆ ತಂಡ ಸಂಭಾವನೆ ಪಡೆಯುವಾಗ ಅಥವಾ ಅತಿಥಿಗಳಿಗೆ ಕೂಪನ್ ಮಾರುವುದಾದರೆ ಅದನ್ನು ನೆಚ್ಚಬೇಡಿ. ನೇರ ಪ್ರದರ್ಶನದಲ್ಲಿ ನುಡಿಸುವ ರಚನೆಗಳಿಗೆ ರಚನಕಾರರ ಪರವಾಗಿ ಪರವಾನಗಿ ಕೊಡುವ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಸ್ಥೆಯ ಪರವಾನಗಿ ಪಡೆಯಿರಿ. ವಿರಾಮದಲ್ಲಿ ಧ್ವನಿಮುದ್ರಿತ ಸಂಗೀತ ಹಾಕುವುದಾದರೆ ಅದು ಬೇರೆ ಹಕ್ಕು, ಕ್ಲಬ್ಬಿನ ವಕೀಲರನ್ನು ಕೇಳಿ.

ಮೃದಂಗದ ಆಸೆಯನ್ನು ಬಿಡಬೇಡಿ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರೊಡನೆ ವರ್ಷಗಟ್ಟಲೆ ನುಡಿಸಿದ್ದಾರೆ, ಧ್ವನಿಮುದ್ರಿಸಿದ್ದಾರೆ. ನಿಮ್ಮ ಊರಿಗಂತೂ ಇದು ಇನ್ನೂ ಹತ್ತಿರದ ವಿಷಯ, ಏಕೆಂದರೆ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ತೊಡಕು ಧ್ವನಿಯ ಮಟ್ಟದ್ದು ಮಾತ್ರ. ಮೃದಂಗ ಮತ್ತು ಡ್ರಮ್ಸ್ ಒಟ್ಟಿಗೆ ನುಡಿದರೆ ಮೃದಂಗದ ಚಾಪು, ಗುಮಕಿಯಂಥ ನಯವಾದ ಪೆಟ್ಟುಗಳ ನಾದವೆಲ್ಲ ಅಳಿಸಿಹೋಗುತ್ತದೆ. ಆ ಎರಡು ಹಾಡುಗಳಲ್ಲಿ ಡ್ರಮ್ಸಿನವರು ಬ್ರಷ್ಷಿಗೆ ಸೀಮಿತವಾಗಲಿ, ತನಿ ಆವರ್ತನದ (ಕಚೇರಿಯಲ್ಲಿ ತಾಳವಾದ್ಯಗಳಿಗೇ ಬಿಡುವ ಭಾಗದ) ರೀತಿಯಲ್ಲಿ ಇಬ್ಬರೂ ಸರದಿಯಂತೆ ನುಡಿಸಲಿ, ಮೃದಂಗದ ಎರಡೂ ಬದಿಗೆ ಒಂದೊಂದು ಮೈಕ್ ಇರಲಿ. ಅವರು ಹಿಂದಿನ ದಿನವೇ ತಂಡದೊಡನೆ ಕೂತು ಕಾಲಪ್ರಮಾಣ ಮತ್ತು ಎಲ್ಲಿ ಮುಗಿಸಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳದಿದ್ದರೆ ವೇದಿಕೆಯ ಮೇಲೆ ಇಬ್ಬರಿಗೂ ಮುಜುಗರವಾಗುತ್ತದೆ.

ಹಳೆಯ ಕಟ್ಟಡದ ವಿದ್ಯುತ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅರ್ತಿಂಗ್ ಸರಿಯಿಲ್ಲದಿದ್ದಾಗ ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುನುಗು ಬರುತ್ತದೆ. ಅದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ ಕಿತ್ತು ಹಾಕುವ ಕೆಟ್ಟ ಚಾಳಿ ನಮ್ಮ ಸೌಂಡಿನವರಲ್ಲಿ ಕೆಲವರಿಗಿದೆ. ಲೋಹದ ಮೈಕಿಗೆ ತುಟಿ ತಾಗಿಸಿ ಹಾಡುವವರ ಜೀವಕ್ಕೇ ಅದು ಅಪಾಯ. ವಾರದ ಮೊದಲೇ ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗ್ ಪರೀಕ್ಷಿಸಿ, ಇಡೀ ತಂಡಕ್ಕೆ ಒಂದೇ ಸರ್ಕ್ಯೂಟಿನಿಂದ ವಿದ್ಯುತ್ ಕೊಡಿಸಿ.

ಪಿಯಾನೊ ವಿಷಯಕ್ಕೆ ಬರುತ್ತೇನೆ. ಇನ್ನೂರಕ್ಕೂ ಹೆಚ್ಚು ತಂತಿಗಳಿರುವ ಆ ವಾದ್ಯ ವರ್ಷಗಳಿಂದ ಶ್ರುತಿ ಕಾಣದಿದ್ದರೆ ಮೂಲ ಶ್ರುತಿಯೇ ಕೆಳಗಿಳಿದಿರುತ್ತದೆ. ಸ್ಯಾಕ್ಸೊಫೋನ್ 440 ಹರ್ಟ್ಸ್‌ನ ಶ್ರುತಿಗೆ ಮಾಡಿದ ವಾದ್ಯ, ಅದು ಪಿಯಾನೊಗಾಗಿ ತುಸು ಇಳಿಯಬಹುದೇ ಹೊರತು ಕಾಲು ಸ್ವರದಷ್ಟು ಇಳಿಯಲಾರದು. ಶ್ರುತಿ ಮಾಡುವವರನ್ನು ಈಗಲೇ ಕರೆಸಿ, ವಾದ್ಯ ಎಷ್ಟು ಇಳಿದಿದೆ, ತಂತಿ ಸುತ್ತಿದ ಪಿನ್ನುಗಳು ಬಿಗಿ ಹಿಡಿಯುತ್ತವೆಯೇ ಎಂದು ಕೇಳಿ. ತೀರ ಇಳಿದಿದ್ದರೆ ಒಮ್ಮೆಗೇ ಎಳೆದು ನಿಲ್ಲಿಸಲಾಗದು. ಮೊದಲೊಂದು ಸಲ ಒಟ್ಟಾರೆ ಏರಿಸಿ, ಎರಡು ಮೂರು ವಾರ ಬಿಟ್ಟು ಮತ್ತೆ ಶ್ರುತಿ ಕೂಡಿಸಬೇಕು, ಹಳೆಯ ತಂತಿ ತುಂಡಾಗುವ ಸಾಧ್ಯತೆಯೂ ಇದೆ. ಅವರು ಸಾಧ್ಯವೆಂದರೆ ಖಂಡಿತ ಆ ಪಿಯಾನೊವನ್ನೇ ಬಳಸಿ, ಕಾರ್ಯಕ್ರಮದ ಮಧ್ಯಾಹ್ನ, ವಾದ್ಯವನ್ನು ಜಾಗಕ್ಕೆ ಸರಿಸಿದ ಮೇಲೆ, ಕೊನೆಯ ಶ್ರುತಿ ಮಾಡಿಸಿ, ಹಿಂಬದಿಯ ಹಲಗೆಗೆ ಮೈಕ್ ಇಡಿಸಿ. ಸಾಧ್ಯವಿಲ್ಲವೆಂದರೆ 88 ಕೀಲಿಗಳ ಡಿಜಿಟಲ್ ಪಿಯಾನೊ ಬಾಡಿಗೆಗೆ ಗೊತ್ತುಮಾಡಿ, ತಂಡದ ಪಿಯಾನೊ ವಾದಕರಿಗೆ ಯಾವುದು ಎಂದು ಈ ತಿಂಗಳೇ ತಿಳಿಸಿಬಿಡಿ.